ಟಿವಿಯಲ್ಲಿ ಎಲ್ಲರೂ ದಪ್ಪಗೆ ಕಾಣ್ತಾರಾ? ಸೆಟ್-ಟಾಪ್ ಬಾಕ್ಸ್ ಸೆಟ್ಟಿಂಗ್ ಸರಿ ಮಾಡುವುದು ಹೀಗೆ

ಹೊಸ ಟಿವಿ ಬಂದ ಎಷ್ಟೋ ಮನೆಗಳಲ್ಲಿ ಇದೇ ಕಥೆ. ವಾರ್ತೆ ಓದುವವರ ಮುಖ ಅಡ್ಡಡ್ಡ ಹಿಗ್ಗಿರುತ್ತದೆ, ಮೂಲೆಯ ಗುಂಡು ಲೋಗೋ ಮೊಟ್ಟೆಯಾಗಿರುತ್ತದೆ, ಕೆಳಗೆ ಓಡುವ ಸುದ್ದಿಯ ಸಾಲು ಅರ್ಧಕ್ಕೇ ಕತ್ತರಿಸಿರುತ್ತದೆ. ಡಿಶ್ ಕೂರಿಸಿದ ಹುಡುಗ "ಚಿತ್ರ ಬಂತಲ್ಲ ಸಾರ್" ಅಂತ ಹೊರಟುಬಿಟ್ಟಿರುತ್ತಾನೆ. ಮನೆಯವರು ಟಿವಿಯೇ ಹೀಗೆ ಅಂದುಕೊಂಡು ನೋಡುತ್ತಿರುತ್ತಾರೆ.

ತಪ್ಪು ಟಿವಿಯದ್ದಲ್ಲ. ಚಿತ್ರದ ಅಳತೆಯನ್ನು ಬಾಕ್ಸೂ ಬದಲಿಸಬಲ್ಲದು, ಟಿವಿಯೂ ಬದಲಿಸಬಲ್ಲದು. ಇಬ್ಬರೂ ಒಟ್ಟಿಗೆ ಕೈ ಹಾಕಿದರೆ ಕೆಡುತ್ತದೆ. ಹಾಗಾಗಿ ಮೊದಲು ಬಾಕ್ಸ್, ಆಮೇಲೆ ಟಿವಿ. ಈ ಕ್ರಮ ತಪ್ಪಿಸಬೇಡಿ.

ಮೊದಲು ಬಾಕ್ಸ್ ಹಿಂದೆ ನೋಡಿ. ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್ ಇದ್ದರೆ ತೆಗೆದು ಎಚ್‌ಡಿಎಂಐ ಹಾಕಿ. ಎಚ್‌ಡಿ ಪ್ಯಾಕಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಎವಿ ಕೇಬಲ್‌ನಲ್ಲಿ ನೋಡುವವರು ಈಗಲೂ ಇದ್ದಾರೆ, ಅದರಲ್ಲಿ ಎಚ್‌ಡಿ ಬರುವುದೇ ಇಲ್ಲ. ಚಿನ್ನದ ಲೇಪ ಅಂತ ಅಂಗಡಿಯವರು ತೋರಿಸುವ ದುಬಾರಿ ಕೇಬಲ್ ಬೇಡ. ಒಂದೂವರೆ ಮೀಟರಿಗೆ ಸಾದಾ ಕೇಬಲ್ ಧಾರಾಳ ಸಾಕು.

ಇನ್ನು ಬಾಕ್ಸಿನ ಮೆನು. ಸೆಟ್ಟಿಂಗ್ಸ್ ಒಳಗೆ ವಿಡಿಯೋ, ಡಿಸ್‌ಪ್ಲೇ ಅಥವಾ ಟಿವಿ ಸೆಟ್ಟಿಂಗ್ ಅಂತ ಏನಾದರೂ ಇರುತ್ತದೆ. ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಎಷ್ಟು ಚುಕ್ಕಿ ಅನ್ನುವ ಲೆಕ್ಕ, 1080ಐ ಇಡಿ. ಚಿತ್ರ ಮಾಯವಾಗಿ ಕಪ್ಪಾದರೆ ಗಾಬರಿ ಬೇಡ, ಸುಮ್ನೆ ಸ್ವಲ್ಪ ಹೊತ್ತು ರಿಮೋಟ್ ಮುಟ್ಟದೆ ಕೂತರೆ ಹೆಚ್ಚಿನ ಬಾಕ್ಸ್‌ಗಳು ತಾವೇ ಹಳೆಯ ಸೆಟ್ಟಿಂಗಿಗೆ ಮರಳುತ್ತವೆ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇಲ್ಲಿ ಎರಡು ಪ್ರಶ್ನೆ ಇರುತ್ತವೆ, ಎರಡೂ ಒಂದೇ ಅಂತ ಭಾವಿಸುತ್ತಾರೆ. ನಿಮ್ಮ ಟಿವಿಯ ಆಕಾರ ಯಾವುದು ಅನ್ನುವುದು ಮೊದಲನೆಯದು. ಇವತ್ತಿನ ಟಿವಿಗಳಿಗೆಲ್ಲ 16:9 (ಅಗಲ 16 ಪಾಲು, ಎತ್ತರ 9 ಪಾಲು), ಯೋಚನೆಯೇ ಬೇಡ. ಟಿವಿಯ ಆಕಾರಕ್ಕೆ ಹೊಂದದ ಚಿತ್ರ ಬಂದರೆ ಏನು ಮಾಡಲಿ ಅನ್ನುವುದು ಎರಡನೆಯದು. ಅಲ್ಲಿ ಪಿಲ್ಲರ್‌ಬಾಕ್ಸ್, ಲೆಟರ್‌ಬಾಕ್ಸ್, ಪ್ಯಾನ್ ಸ್ಕ್ಯಾನ್, ಫುಲ್, ಆಟೋ ಅಂತ ಬಾಕ್ಸಿಗೊಂದು ಹೆಸರು. ಪಿಲ್ಲರ್‌ಬಾಕ್ಸ್ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ಲೆಟರ್‌ಬಾಕ್ಸ್ ಅಥವಾ ಆಟೋ. ಫುಲ್ ಬೇಡವೇ ಬೇಡ. ಹಳೆಯ ಕಪ್ಪು-ಬಿಳುಪು ಸಿನಿಮಾ, ಹಳೆಯ ದೂರದರ್ಶನದ ಧಾರಾವಾಹಿಗಳೆಲ್ಲ 4:3 ಆಕಾರದವು. ಫುಲ್ ಇಟ್ಟು ಅದನ್ನು 16:9ಕ್ಕೆ ಎಳೆದರೆ ಪ್ರತಿ ಮನುಷ್ಯನೂ ಮೂರನೇ ಒಂದು ಪಾಲು ಅಗಲವಾಗುತ್ತಾನೆ. ಪಿಲ್ಲರ್‌ಬಾಕ್ಸ್‌ನಲ್ಲಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರುತ್ತದೆ, 1920 ಚುಕ್ಕಿಯ ಅಗಲದಲ್ಲಿ ಆ ಕಡೆ 240, ಈ ಕಡೆ 240. "ಅಷ್ಟು ಜಾಗ ವೇಸ್ಟ್ ಅಲ್ವಾ?" ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಇರಲಿ ಬಿಡಿ, ನಾಯಕಿ ಮುಖ ಸರಿಯಾಗಿರಲಿ.

ಈಗ ಟಿವಿ ರಿಮೋಟ್ ತೆಗೆದುಕೊಳ್ಳಿ. ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಷಿಯೋ ಹುಡುಕಿ 16:9 ಇಡಿ. ಮುಗಿಯಲಿಲ್ಲ. ಹಳೆಯ ಡಬ್ಬಾ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ಮುಚ್ಚುತ್ತಿದ್ದವು. ಆ ಓವರ್‌ಸ್ಕ್ಯಾನ್ ಚಾಳಿ ಈಗಿನ ಚಪ್ಪಟೆ ಟಿವಿಗಳಲ್ಲೂ ಉಳಿದಿದೆ. ಸುದ್ದಿ ಸಾಲು ಕತ್ತರಿಸುವುದು ಅದೇ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾ ಒಳಗೆ ಫುಲ್ ಪಿಕ್ಸೆಲ್, ಹೀಗೆ ಏನಾದರೊಂದು ಇರುತ್ತದೆ. ಯಾವುದಾದರೂ ನ್ಯೂಸ್ ಚಾನೆಲ್ ಹಾಕಿಕೊಂಡು ಇದನ್ನು ಬದಲಿಸಿ. ಕೆಳಗಿನ ಸಾಲಿನ ಒತ್ತಕ್ಷರಗಳು ಪೂರ್ತಿ ಕಂಡವು ಅಂದರೆ ಕೆಲಸ ಆಯ್ತು. ಕನ್ನಡಕ್ಕೆ ಇದು ಇನ್ನೂ ಮುಖ್ಯ, ಯಾಕೆಂದರೆ ಅಕ್ಷರದ ಕೆಳಗಿನದ್ದು ಹೋದರೆ ಓದುವುದಕ್ಕೇ ಆಗುವುದಿಲ್ಲ. ಈ ಸೆಟ್ಟಿಂಗ್ ಹಲವು ಟಿವಿಗಳಲ್ಲಿ ಒಂದೊಂದು ಎಚ್‌ಡಿಎಂಐ ತೂತಿಗೂ ಬೇರೆ ಬೇರೆ ಉಳಿಯುತ್ತದೆ, ಬಾಕ್ಸಿನ ವೈರ್ ಬದಲಿಸಿ ಚುಚ್ಚಿದರೆ ಮತ್ತೆ ಮಾಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಒಂದು ಕಾರ್ಯಕ್ರಮದಲ್ಲಿ ಮಾತ್ರ ಜನ ದಪ್ಪ ಕಂಡರೆ ಚಾನೆಲ್‌ನವರೇ ಎಳೆದು ಕಳಿಸಿದ್ದಾರೆ ಅಂತ ಅರ್ಥ. ಆಗ ಟಿವಿಯನ್ನು 4:3 ಮಾಡಿ ನೋಡಿ, ಸರಿಹೋಗುತ್ತದೆ. ಮುಗಿದ ಮೇಲೆ 16:9ಕ್ಕೆ ವಾಪಸ್.

ಜೂಮ್ ಬಟನ್ ಯಾವಾಗ? ನಾಲ್ಕೂ ಕಡೆ ಕಪ್ಪು ಬಂದು ನಡುವೆ ಅಂಚೆಚೀಟಿಯಷ್ಟು ಚಿತ್ರ ಕಂಡಾಗ ಮಾತ್ರ. ಸಾದಾ 4:3 ಚಿತ್ರಕ್ಕೆ ಜೂಮ್ ಒತ್ತಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ, ತಲೆಯೂ ಇಲ್ಲ ಸಬ್‌ಟೈಟಲ್ಲೂ ಇಲ್ಲ. ಟಿವಿಗಿಂತಲೂ ಅಗಲವಾದ ಸಿನಿಮಾಸ್ಕೋಪ್ ಚಿತ್ರಕ್ಕೆ ಮೇಲೆ ಕೆಳಗೆ ಪಟ್ಟಿ ಇರುವುದೇ ಸರಿ, ಅದನ್ನು ಮುಟ್ಟಬೇಡಿ.

ಪರದೆಯ ಮೇಲೆ ಅಕ್ಷರದಲ್ಲಿ ಮಾಹಿತಿ ಕೊಡುವ ಸೇವೆಗಳ ವಿಷಯ ಬೇಗ ಮುಗಿಯುತ್ತದೆ. ಗೈಡ್ ಒತ್ತಿದರೆ ಕಾರ್ಯಕ್ರಮದ ಪಟ್ಟಿ, ಇನ್ಫೋ ಒತ್ತಿದರೆ ಈಗಿನದರ ವಿವರ. ಆಡಿಯೋ ಅಥವಾ ಲ್ಯಾಂಗ್ವೇಜ್ ಬಟನ್ ಮಾತ್ರ ತಪ್ಪದೆ ಒತ್ತಿ ನೋಡಿ, ಕೆಲವು ಮಕ್ಕಳ ಚಾನೆಲ್‌ಗಳಲ್ಲಿ ಕನ್ನಡ ಅಲ್ಲೇ ಅಡಗಿರುತ್ತದೆ. ಫ್ರೀ ಡಿಶ್‌ಗೆ ಅಂತ ಕೊಂಡ ಅಗ್ಗದ ಬಾಕ್ಸ್‌ಗಳಲ್ಲಿ ಈ ಬಟನ್ನಿನ ಹೆಸರು ಅಳಿಸಿಹೋಗಿರುತ್ತದೆ, ಇಲ್ಲವೇ ಬಟನ್ನೇ ಇರುವುದಿಲ್ಲ. ಆಗ ಮೆನುವಿನ ಒಳಗೇ ಹುಡುಕಬೇಕು.

ಟಿವಿ ರಿಮೋಟಿನ ಟೆಕ್ಸ್ಟ್ ಬಟನ್ ಒತ್ತಿ ಏನೂ ಬರಲಿಲ್ಲ ಅಂತ ಕೊರಗಬೇಡಿ. ಅದು ಟೆಲಿಟೆಕ್ಸ್ಟ್‌ಗೆ, ಅಂದರೆ ಚಾನೆಲ್ ಜೊತೆಗೇ ಬರುವ ಅಕ್ಷರದ ಪುಟಗಳಿಗೆ ಇಟ್ಟದ್ದು. ಬ್ರಿಟನ್ನಿನ ಬಿಬಿಸಿ 1974ರಲ್ಲಿ ಶುರು ಮಾಡಿದ ಸೀಫ್ಯಾಕ್ಸ್ ಅನ್ನುವ ಟೆಲಿಟೆಕ್ಸ್ಟ್ ಸೇವೆಯೇ 2012ರಲ್ಲಿ ನಿಂತುಹೋಯಿತು. ಆದರೆ ಜರ್ಮನಿಯಲ್ಲಿ ಟೆಲಿಟೆಕ್ಸ್ಟ್ ಇನ್ನೂ ಬಳಕೆಯಲ್ಲಿದೆ. ಅಲ್ಲಿರುವ ಮಕ್ಕಳ ಮನೆಗೆ ಹೋದವರು 100 ಒತ್ತಿದರೆ ಮೊದಲ ಪುಟ ಬರುತ್ತದೆ. ಸಬ್‌ಟೈಟಲ್‌ಗೆ ಅಲ್ಲಿನ ಎಆರ್‌ಡಿ ಚಾನೆಲ್‌ನಲ್ಲಿ 150, ಝಡ್‌ಡಿಎಫ್ ಚಾನೆಲ್‌ನಲ್ಲಿ 777. ಅಲ್ಲೂ ಒಂದು ತೊಡಕಿದೆ. ಎಚ್‌ಡಿಎಂಐ ಕೇಬಲ್ ಟೆಲಿಟೆಕ್ಸ್ಟನ್ನು ಟಿವಿಗೆ ಸಾಗಿಸುವುದಿಲ್ಲ. ಬಾಕ್ಸ್ ಇದ್ದರೆ ಬಾಕ್ಸಿನ ರಿಮೋಟಿನ ಟೆಕ್ಸ್ಟ್ ಬಟನ್ ಒತ್ತಿ, ಟಿವಿಯದ್ದಲ್ಲ.