ಎಂಎಸ್ ಪೈಪಿನ ಫ್ರೇಮಿಗೇ ಮೋಷನ್ ಕೂರಿಸಿದೆ: ನನ್ನ ಅನುಭವ

ಮನೆಯಲ್ಲೇ ಕೂತು ಕಾರ್ ರೇಸ್ ಆಟ ಆಡುವುದಕ್ಕೆ ಸೀಟು, ಸ್ಟೀರಿಂಗ್, ಪೆಡಲ್ ಹೊತ್ತ ಒಂದು ಫ್ರೇಮ್ ಇಟ್ಟುಕೊಂಡಿದ್ದೇನೆ. ಆಟದ ಕಾರು ಅಲುಗಿದ ಹಾಗೆ ಈ ಫ್ರೇಮನ್ನೂ ಅಲುಗಿಸುವ ವ್ಯವಸ್ಥೆಗೆ ಮೋಷನ್ ಅನ್ನುತ್ತಾರೆ. "ಕಬ್ಬಿಣದ ಪೈಪಿನ ಫ್ರೇಮ್ ಮೋಷನ್ ತಡೆಯಲ್ಲ ಮಾರಾಯ, ಸುಮ್ನೆ ಅಲ್ಯೂಮಿನಿಯಂ ಪ್ರೊಫೈಲ್ ತಗೋ" ಎಂದು ಜೊತೆಯಲ್ಲಿ ಆಡುವವರೆಲ್ಲ ಹೇಳಿದ್ದರು. ಈಗ ನಾಲ್ಕು ತಿಂಗಳಾಯಿತು. ಮೂಲೆಗಳನ್ನು ಎತ್ತಿ ಇಳಿಸುವ ನಾಲ್ಕು ಆಕ್ಚುಯೇಟರ್ ಮೇಲೆ ಅದೇ ಕಬ್ಬಿಣ ಕುಣಿಯುತ್ತಿದೆ. ಒಂದು ವೆಲ್ಡಿಂಗ್ ಕೂಡ ಬಿಟ್ಟಿಲ್ಲ.

ಪೀಣ್ಯದಲ್ಲಿ ಪ್ರೊಫೈಲ್ (ಬೋಲ್ಟ್ ಹಾಕಿ ಜೋಡಿಸುವ ಅಲ್ಯೂಮಿನಿಯಂ ತೊಲೆ) ವಿಚಾರಿಸಿದಾಗ ಬ್ರಾಕೆಟ್, ಟಿ-ನಟ್ ಸೇರಿ 45 ಸಾವಿರದ ಹತ್ತಿರ ಹೇಳಿದರು. ಅಷ್ಟು ದುಡ್ಡನ್ನು ನಾನು ಆಕ್ಚುಯೇಟರ್‌ಗೆ ಎತ್ತಿಟ್ಟಿದ್ದೆ. ನನ್ನ ಹಳೇ ಫ್ರೇಮ್ ಗೇಟಿಗೆ ಹಾಕುವಂಥ ಪೈಪಿನದು. 40x40, ಒಂದೂವರೆ ಮಿಲಿಮೀಟರ್ ದಪ್ಪ. ಎಂಟೊಂಬತ್ತು ಸಾವಿರ ಬಿದ್ದಿತ್ತು. ಎರಡು ವರ್ಷ ಏನೂ ತೊಂದರೆ ಕೊಡಲಿಲ್ಲ. ಆದರೆ ಅದು ಗಟ್ಟಿ ಇದ್ದದ್ದಲ್ಲ, ಕೆಳಗಿನ ನೆಲ ಅದನ್ನು ಹಿಡಿದುಕೊಂಡಿತ್ತು. ಇದು ನನಗೆ ಗೊತ್ತಾಗಿದ್ದು ಇಟ್ಟಿಗೆಯಿಂದ.

ಆಕ್ಚುಯೇಟರ್ ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಿ. ಫ್ರೇಮಿನ ನಾಲ್ಕು ಮೂಲೆಗೆ ಮಾತ್ರ ಇಟ್ಟಿಗೆ ಕೊಟ್ಟು ಎತ್ತಿಡಿ. ಕೂತು ಬ್ರೇಕ್ ಒತ್ತಿ. ಲೇತ್ ಅಂಗಡಿಯಿಂದ ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಅಳೆಯುವ ಮುಳ್ಳಿನ ಮಾಪಕ) ತಂದು ನೋಡಿದೆ. ಬ್ರೇಕ್ ಒತ್ತಡ ಅಳೆಯುವ ಲೋಡ್ ಸೆಲ್ ಮೇಲೆ ಸುಮಾರು 70 ಕೆಜಿ ಬಿದ್ದಾಗ ಪೆಡಲ್ ಪ್ಲೇಟ್ 6 ಮಿಲಿಮೀಟರ್ ಮುಂದಕ್ಕೆ ಹೋಯಿತು. ಆಮೇಲೆ ಮುಂದಿನ ಒಂದು ಇಟ್ಟಿಗೆ ತೆಗೆದೆ. ಆ ಮೂಲೆ 14 ಮಿಲಿಮೀಟರ್ ಜೋತುಬಿತ್ತು. ಅಂದರೆ ಆಕ್ಚುಯೇಟರ್ ಎತ್ತುವ ಮೊದಲ ಸೆಂಟಿಮೀಟರ್ ಫ್ರೇಮ್ ತಿರುಚುವುದಕ್ಕೇ ಹೋಗುತ್ತದೆ, ನನ್ನ ಬೆನ್ನಿಗೆ ಬರುವುದಿಲ್ಲ.

ಎರಡನೇ ಫ್ರೇಮಿಗೆ 80x40 ಪೈಪು, 3 ಮಿಲಿಮೀಟರ್ ದಪ್ಪ. ಕಾಮಾಕ್ಷಿಪಾಳ್ಯದ ಒಂದು ಶೆಡ್‌ನಲ್ಲಿ ಮಾಡಿಸಿದೆ. ಮೊದಲ ದಿನವೇ ಕೆಟ್ಟಿತು. ಒಂದು ಬದಿ ಪೂರ್ತಿ ವೆಲ್ಡ್ ಮಾಡಿ ಆಮೇಲೆ ಇನ್ನೊಂದು ಬದಿಗೆ ಹೋಗಿದ್ದಾರೆ. ಕಾವಿಗೆ ಪೈಪು ಎಳೆದುಕೊಂಡು ಫ್ರೇಮ್ 8 ಮಿಲಿಮೀಟರ್ ಸೊಟ್ಟ. ನೆಲದ ಮೇಲೆ ಇಟ್ಟರೆ ಕುಂಟು ಮೇಜಿನ ಹಾಗೆ ಆಡುತ್ತಿತ್ತು. "ಇಷ್ಟು ಪರವಾಗಿಲ್ಲ ಬಿಡಿ ಸಾರ್" ಅಂದರು. "ಇದು ಗೇಟ್ ಅಲ್ವಲ್ಲಣ್ಣ" ಅಂದೆ. ಗ್ರೈಂಡರ್ ಹಾಕಿ ಬಿಡಿಸಿ, ಎಲ್ಲ ಜಾಯಿಂಟಿಗೂ ಮೊದಲು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿಸಿ, ಆಮೇಲೆ ಎದುರುಬದುರು ಮೂಲೆ ಹಿಡಿದು ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿಸಿದೆ. ಒಂದೂವರೆ ಸಾವಿರ ಜಾಸ್ತಿ ಹೋಯಿತು. ಒಟ್ಟು 15 ಸಾವಿರ. ಆಕ್ಚುಯೇಟರ್ ಪ್ಲೇಟಿನ ತೂತನ್ನು ವೆಲ್ಡಿಂಗ್ ಎಲ್ಲ ಮುಗಿದ ಮೇಲೇ ಕೊರೆಸಿ. ಮೊದಲೇ ಕೊರೆಸಿದರೆ ನಾಲ್ಕು ಆಕ್ಚುಯೇಟರ್ ನೆಟ್ಟಗೆ ನಿಲ್ಲುವುದಿಲ್ಲ.

ಈಗ ಅದೇ ಇಟ್ಟಿಗೆ ಪರೀಕ್ಷೆಯಲ್ಲಿ ಮೂಲೆ 2 ಮಿಲಿಮೀಟರ್ ಕೂಡ ಇಳಿಯುವುದಿಲ್ಲ. ಸೀಟಿನ ಕೆಳಗಿನ ಒಂದು ಅಡ್ಡ ತುಂಡಿನ ಪಾತ್ರ ಇದರಲ್ಲಿ ದೊಡ್ಡದು. ಅದರ ಜಾಗ ಹುಡುಕುವುದಕ್ಕೆ ಮೂರು ಭಾನುವಾರ ಹೋಗಿದೆ. ಆ ಜಾಗದ ಗುಟ್ಟನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಆಟದ ಸದ್ದನ್ನು ನಡುಕವಾಗಿಸಿ ಫ್ರೇಮಿಗೆ ಕೊಡುವ ಬಾಸ್ ಶೇಕರ್ ಹಾಕಿದರೆ ಖಾಲಿ ಪೈಪು ಗಂಟೆ ಹೊಡೆದ ಹಾಗೆ ಗುಂಯ್ ಅನ್ನುತ್ತಿತ್ತು. ಒಣಗಿಸಿ ಜರಡಿ ಹಿಡಿದ ಎಂ ಸ್ಯಾಂಡ್ ತುಂಬಿದೆ. ಸದ್ದು ಸತ್ತೇ ಹೋಯಿತು. ಪೈಪಿಗೆ ನಾಲ್ಕೈದು ಕೆಜಿ ಭಾರ ಕೂಡಿತು. ಶೇಕರ್ ಇರುವ ಎರಡು ಪೈಪಿನದನ್ನು ಬಿಟ್ಟು ಉಳಿದ ಮರಳನ್ನು ಸುರಿದುಬಿಟ್ಟೆ.

ತೂಕ ಹಂಚುವುದನ್ನು ಯಾರೂ ಗಮನಿಸುವುದಿಲ್ಲ. ಮನೆಯಲ್ಲಿದ್ದ ತೂಕದ ಯಂತ್ರವನ್ನು ಒಂದೊಂದೇ ಮೂಲೆಗೆ ಇಟ್ಟು, ಉಳಿದ ಮೂರಕ್ಕೆ ಅಷ್ಟೇ ಎತ್ತರದ ಮರದ ತುಂಡು ಕೊಟ್ಟು, ನಾನೇ ಕೂತು ಅಳೆದೆ. ಮುಂದೆ 26, 28 ಕೆಜಿ. ಹಿಂದೆ 51, 49. ಹಿಂದಿನ ಮೋಟಾರ್‌ಗಳು ಸುಮ್ನೆ ಬಿಸಿಯಾಗುತ್ತವೆ ಅಲ್ವಾ? ಹಿಂದಿನ ಪ್ಲೇಟನ್ನು ಇನ್ನೂ ಹಿಂದಕ್ಕೆ ಒಯ್ದು, ಸೀಟ್ ಸ್ವಲ್ಪ ಮುಂದಕ್ಕೆ ತಂದೆ. ಮುಂದೆ 35, ಹಿಂದೆ 42ರ ಆಸುಪಾಸಿಗೆ ಬಂತು.

ಆಕ್ಚುಯೇಟರ್ ಎಸ್‌ಎಫ್‌ಎಕ್ಸ್-100 ಎಂಬ, ನಾವೇ ಜೋಡಿಸಿಕೊಳ್ಳುವ ನಕ್ಷೆಯವು, 750 ವ್ಯಾಟ್ ಸರ್ವೋ ಮೋಟಾರ್, ಮೇಲೆ-ಕೆಳಗೆ 100 ಮಿಲಿಮೀಟರ್ ಓಟ. ಕಸ್ಟಮ್ಸ್ ಸುಂಕ ಸೇರಿ 1 ಲಕ್ಷ 60 ಸಾವಿರ ದಾಟಿತು. ಸರ್ವೋ ಆನ್ ಮಾಡಿದ ತಕ್ಷಣ ಪೆಡಲ್‌ನ ಯುಎಸ್‌ಬಿ ಕಟ್ಟಾಗುತ್ತಿತ್ತು. ಎರಡು ವಾರ ತಲೆ ಕೆಟ್ಟಿತು. ಕೇಬಲ್ ಬದಲಿಸಿದೆ, ಹಬ್ ಬದಲಿಸಿದೆ, ಎಸ್‌ಪಿ ರೋಡಿಗೆ ನಾಲ್ಕು ಸಲ ಹೋದೆ. ಕೊನೆಗೆ ನೋಡಿದರೆ ಪೇಂಟ್! ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೆ, ಅರ್ತಿಂಗ್ ವೈರ್ ಅದರ ಮೇಲೇ ಕೂತಿತ್ತು. ಕೆರೆದು ಬರೀ ಲೋಹಕ್ಕೆ ಬಿಗಿದೆ, ಮೋಟಾರ್ ವೈರನ್ನು ಯುಎಸ್‌ಬಿಯಿಂದ ದೂರ ಎಳೆದೆ. ನಿಂತಿತು.

ಮಾನಿಟರ್ ಫ್ರೇಮಿನ ಮೇಲೆ ಬೇಡ. ನನ್ನದು ಅಲುಗಾಡಿ, ಕೇಬಲ್ ಸಾಲದೆ ಎಚ್‌ಡಿಎಂಐ ಪೋರ್ಟೇ ಕಿತ್ತುಬಂತು. ರಿಪೇರಿಗೆ ಮೂರು ಸಾವಿರ. ಈಗ ಬೇರೆ ಸ್ಟ್ಯಾಂಡ್, ಪ್ರತಿ ಕೇಬಲ್‌ಗೂ ಒಂದು ಗೇಣು ಹೆಚ್ಚಿನ ಸಡಿಲ. ಎಮರ್ಜೆನ್ಸಿ ಸ್ವಿಚ್ ಎರಡು: ಒಂದು ನನ್ನ ಕೈಗೆ, ಇನ್ನೊಂದು ಬಾಗಿಲ ಹತ್ತಿರ. ಮನೆಯಲ್ಲಿ ಮಗು ಇದೆ.

ಹೋದ ಭಾನುವಾರ ಆಟದಲ್ಲಿ ಜರ್ಮನಿಯ ನಾರ್ಡ್‌ಶ್ಲೈಫೆ ರೇಸ್ ಟ್ರ್ಯಾಕಿನ 20.8 ಕಿಲೋಮೀಟರನ್ನು ಆರು ಸುತ್ತು ಓಡಿಸಿದೆ. ಕರುಸೆಲ್ ತಿರುವಿನ ಕಾಂಕ್ರೀಟಿಗೆ ಎಡಗಡೆ ಚಕ್ರ ಇಳಿದಾಗ ಎಡ ಸೊಂಟ ಮೊದಲು ಕೆಳಗೆ ಹೋಗುತ್ತದೆ, ಆಮೇಲೆ ಒಂದೊಂದು ಹಾಸಿನ ಸಂದೂ ಲೆಕ್ಕ ಸಿಗುತ್ತದೆ. ಹಳೇ ಫ್ರೇಮಿನಲ್ಲಿ ಇದೆಲ್ಲ ಪೈಪಿನಲ್ಲೇ ಉಳಿಯುತ್ತಿತ್ತು. ಇಳಿದು ಟಾರ್ಚ್ ಹಿಡಿದು ನೋಡಿದೆ. ಹದಿನಾರು ನಟ್‌ಗೂ ಸಡಿಲವಾದರೆ ಕಾಣಲಿ ಅಂತ ಬಿಳಿ ಪೇಂಟಿನ ಗೆರೆ ಎಳೆದಿಟ್ಟಿದ್ದೇನೆ. ಬಲ ಹಿಂಬದಿಯ ಒಂದು ಮಾತ್ರ ಕೂದಲೆಳೆಯಷ್ಟು ತಿರುಗಿತ್ತು. ನೈಲಾಕ್ (ಒಳಗೆ ನೈಲಾನ್ ಬಳೆ ಇರುವ ನಟ್) ಬದಲಿಸಿ ಬಿಗಿದು, ಹೊಸ ಗೆರೆ ಎಳೆದೆ.