ಅದಿರಿನಲ್ಲಿ ಕಬ್ಬಿಣ ಎಷ್ಟಿದೆ? ನಾನು ಅಳೆಯುವ ರೀತಿ

ಸಂಡೂರು, ಹೊಸಪೇಟೆ ಕಡೆ ಅದಿರಿಗೆ ಬೆಲೆ ಕಟ್ಟುವಾಗ ಮೊದಲು ಕೇಳುವುದೇ ನೂರಕ್ಕೆ ಎಷ್ಟು ಕಬ್ಬಿಣ ಅಂತ. 62 ಬಂದರೆ ಒಂದು ರೇಟು, 63 ಬಂದರೆ ಇನ್ನೊಂದು. ಆ ಅಂಕಿ ಬರೆದುಕೊಡುವುದು ನನ್ನ ಕೆಲಸ. ಈಗ ಎಕ್ಸ್-ರೇ ಯಂತ್ರಗಳು ಬಂದಿವೆ. ಆದರೂ ತಕರಾರು ಬಂದರೆ ನಾನು ನೆಚ್ಚಿಕೊಳ್ಳುವುದು ಬ್ಯೂರೆಟ್ಟನ್ನೇ, ಅಂದರೆ ದ್ರಾವಣವನ್ನು ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆಯನ್ನು.

ಕಬ್ಬಿಣ ಕರಗಿಸಿದ ದ್ರಾವಣಕ್ಕೆ ಬ್ಯೂರೆಟ್ಟಿನಿಂದ ಡೈಕ್ರೋಮೇಟ್ ದ್ರಾವಣ ಬಿಟ್ಟು, ಎಷ್ಟು ಖರ್ಚಾಯಿತು ಅಂತ ನೋಡಿ ಕಬ್ಬಿಣ ಲೆಕ್ಕ ಹಾಕುವುದೇ ಟೈಟ್ರೇಶನ್. ಅದರಲ್ಲಿ ಹೊಸಬರ ಕಣ್ಣೆಲ್ಲ ಬ್ಯೂರೆಟ್ ಮೇಲೆ. ನಾನು ಹೇಳುವುದು ಬೇರೆ. ರಿಸಲ್ಟ್ ನಿಲ್ಲುವುದೂ ಕೆಡುವುದೂ ಅದಕ್ಕೆ ಮೊದಲೇ, ಸ್ಟ್ಯಾನಸ್ ಕ್ಲೋರೈಡ್ ಅನ್ನುವ ತವರದ ಲವಣ ಹಾಕುವಾಗ.

ಅದಿರಿನ ಪುಡಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ 0.25 ಗ್ರಾಂ ತೂಗುತ್ತೇನೆ. ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಹಾಟ್‌ಪ್ಲೇಟ್ ಮೇಲಿಟ್ಟು ಕರಗಿಸುತ್ತೇನೆ. ಜೋರಾಗಿ ಕುದಿಸಬಾರದು, ಕರಗಿದ ಕಬ್ಬಿಣ ಫೆರಿಕ್ ಕ್ಲೋರೈಡ್ ಆಗಿ ಹಾರಿಹೋಗುತ್ತದೆ. ತಳದಲ್ಲಿ ಬಿಳಿ ಸಿಲಿಕಾ ಮಾತ್ರ ಉಳಿಯಬೇಕು. ಕೆಂಪು ಕಣ ಕಂಡರೆ ಇನ್ನೂ ಕಾಯಬೇಕು.

ಈಗ ದ್ರಾವಣ ಹಳದಿ, ಅಂದರೆ ಕಬ್ಬಿಣ ಫೆರಿಕ್ ರೂಪದಲ್ಲಿದೆ. ಡೈಕ್ರೋಮೇಟ್ ಕೆಲಸ ಮಾಡುವುದು ಕಬ್ಬಿಣದ ಇನ್ನೊಂದು ರೂಪವಾದ ಫೆರಸ್ ಜೊತೆ ಮಾತ್ರ; ಅದನ್ನು ಫೆರಿಕ್ ಮಾಡುತ್ತದೆ. ಫೆರಿಕ್ ಅನ್ನು ಫೆರಸ್‌ಗೆ ಇಳಿಸುವುದು ಸ್ಟ್ಯಾನಸ್ ಕೆಲಸ. ಅದಕ್ಕೇ ಬಿಸಿ ಇರುವಾಗಲೇ ಸ್ಟ್ಯಾನಸ್ ಕ್ಲೋರೈಡನ್ನು ಹನಿ ಹನಿಯಾಗಿ ಬಿಡುತ್ತೇನೆ. ಕಡು ಹಳದಿ ತಿಳಿಯಾಗುತ್ತಾ ಹೋಗಿ ನಿಂಬೆ ಬಣ್ಣಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಅವಸರ ಬೇಡ. ಫ್ಲಾಸ್ಕ್ ಕೆಳಗೆ ಬಿಳಿ ಹಾಳೆ ಇಟ್ಟು, ಒಂದು ಹನಿ ಬಿಡುವುದು, ಅಲ್ಲಾಡಿಸಿ ನೋಡುವುದು. ಹಳದಿ ಪೂರ್ತಿ ಹೋದ ಮೇಲೆ ಇನ್ನೊಂದೆರಡು ಹನಿ, ಅಷ್ಟೇ.

ಆ ಒಂದೆರಡು ಹನಿ ಉಳಿದರೆ ಅದೂ ಡೈಕ್ರೋಮೇಟ್ ತಿನ್ನುತ್ತದೆ. ಅದನ್ನು ತೆಗೆಯಲು, ನಲ್ಲಿ ನೀರಿನ ಕೆಳಗೆ ಫ್ಲಾಸ್ಕನ್ನು ತಣ್ಣಗೆ ಮಾಡಿ, 10 ಮಿಲಿ ಮರ್ಕ್ಯುರಿಕ್ ಕ್ಲೋರೈಡ್ (ಪಾದರಸದ ಲವಣ) ದ್ರಾವಣ ಒಂದೇ ಸಲ ಸುರಿಯುತ್ತೇನೆ. ರೇಷ್ಮೆಯಂಥ ತೆಳು ಬಿಳಿ ಹೊಳಪು ಎದ್ದರೆ ಸರಿಯಾಗಿದೆ ಅಂತ. ಏನೂ ಕಾಣದಿದ್ದರೆ ಸ್ಟ್ಯಾನಸ್ ಸಾಲಲಿಲ್ಲ, ಕಬ್ಬಿಣ ಕಡಿಮೆ ಬರುತ್ತದೆ. ಬೂದು ಇಲ್ಲವೇ ಕಪ್ಪಾದರೆ ಸ್ಟ್ಯಾನಸ್ ಜಾಸ್ತಿಯಾಗಿ ಪಾದರಸವೇ ಹೊರಬಂದಿದೆ. ಅದೂ ಡೈಕ್ರೋಮೇಟನ್ನು ಎಳೆದುಕೊಂಡು ಓದು ಜಾಸ್ತಿ ತೋರಿಸುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಮುಲಾಜಿಲ್ಲದೆ ಆ ಫ್ಲಾಸ್ಕ್ ಬಿಟ್ಟು ಹೊಸದಾಗಿ ತೂಗಬೇಕು.

ಡೈಕ್ರೋಮೇಟ್ ಬದಲು ಪರ್ಮಾಂಗನೇಟ್ ಯಾಕಾಗಲ್ಲ, ಅದರ ಬಣ್ಣವೇ ಮುಗಿದ ಗುರುತು ಅಲ್ವಾ, ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಪರ್ಮಾಂಗನೇಟ್ ಕಬ್ಬಿಣದ ಜೊತೆ ಕ್ಲೋರೈಡಿಗೂ ಕೈ ಹಾಕುತ್ತದೆ. ಜಿಮ್ಮರ್‌ಮನ್-ರೈನ್‌ಹಾರ್ಟ್ ಮಿಶ್ರಣ ಹಾಕಿ ತಡೆಯಬಹುದು, ಆದರೆ ನನಗೆ ಡೈಕ್ರೋಮೇಟೇ ಇಷ್ಟ. ಒಣಗಿಸಿದ ಪೊಟ್ಯಾಸಿಯಂ ಡೈಕ್ರೋಮೇಟ್ ಪುಡಿ 4.903 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ 0.1 ನಾರ್ಮಲ್ ಸಾಂದ್ರತೆಯ ದ್ರಾವಣ ಸಿದ್ಧ. ಇಟ್ಟರೆ ಕೆಡುವುದೂ ಇಲ್ಲ.

ಟೈಟ್ರೇಶನ್ನಿಗೆ ಮೊದಲು ಸಲ್ಫ್ಯೂರಿಕ್ ಮತ್ತು ಫಾಸ್ಫೊರಿಕ್ ಆಸಿಡ್ ಮಿಶ್ರಣ ಹಾಕಬೇಕು. ಫಾಸ್ಫೊರಿಕ್ ಆಸಿಡ್ ಹೊಸದಾಗಿ ಹುಟ್ಟುವ ಫೆರಿಕ್ ಅನ್ನು ಹಿಡಿದಿಡುತ್ತದೆ. ಹಳದಿ ಅಡ್ಡ ಬರುವುದಿಲ್ಲ, ಮುಗಿದದ್ದನ್ನು ಬಣ್ಣದಿಂದ ತೋರಿಸುವ ಇಂಡಿಕೇಟರ್ ಕೂಡ ಸರಿಯಾದ ಜಾಗದಲ್ಲೇ ತಿರುಗುತ್ತದೆ. ಇಂಡಿಕೇಟರ್ ಬೇರಿಯಂ ಡೈಫಿನೈಲಮೀನ್ ಸಲ್ಫೊನೇಟ್. ಡೈಕ್ರೋಮೇಟ್ ಬೀಳುತ್ತಾ ಹಸಿರು ಗಾಢವಾಗುತ್ತದೆ, ಆಮೇಲೆ ಒಂದು ಹನಿಗೆ ನೇರಳೆ ನಿಲ್ಲುತ್ತದೆ.

ಈ ಡೈಕ್ರೋಮೇಟ್ 1 ಮಿಲಿಗೆ 5.585 ಮಿಲಿಗ್ರಾಂ ಕಬ್ಬಿಣ. 28.2 ಮಿಲಿ ಇಳಿದರೆ 157.5 ಮಿಲಿಗ್ರಾಂ, ಅಂದರೆ 63 ಪರ್ಸೆಂಟ್. ಅಚ್ಚ ಹೆಮಟೈಟ್ (ಕೆಂಪು ಕಬ್ಬಿಣದ ಅದಿರು) ನಲ್ಲೇ ಇರುವುದು 69.94 ಪರ್ಸೆಂಟ್. ಅದಕ್ಕಿಂತ ಮೇಲೆ ಬಂದರೆ, ಕಬ್ಬಿಣ ಇನ್ನೂ ಹೆಚ್ಚಿರುವ ಮ್ಯಾಗ್ನಟೈಟ್ ಅದಿರು ಅಲ್ಲದಿದ್ದರೆ, ಅನುಮಾನ ಪಡಲೇಬೇಕು.

ಉಳಿದ ದ್ರಾವಣದಲ್ಲಿ ಪಾದರಸ, ಕ್ರೋಮಿಯಂ ಎರಡೂ ಇವೆ. ಸಿಂಕಿಗೆ ಸುರಿಯುವ ಮಾತೇ ಇಲ್ಲ, ಬೇರೆ ಕ್ಯಾನಿಗೆ ಹಾಕುತ್ತೇವೆ. ಪಾದರಸವೇ ಬೇಡ ಅನ್ನುವವರಿಗೆ ಟೈಟಾನಿಯಂ ಟ್ರೈಕ್ಲೋರೈಡ್ ದಾರಿ ಇದೆ. ಮುಕ್ಕಾಲು ಭಾಗ ಸ್ಟ್ಯಾನಸ್‌ನಿಂದಲೇ ಇಳಿಸಿ, ತೆಳು ಹಳದಿ ಉಳಿದಾಗ ಸೋಡಿಯಂ ಟಂಗ್‌ಸ್ಟೇಟ್ ಹಾಕಿ ಟೈಟಾನಿಯಂ ಬಿಡಬೇಕು. ಫೆರಿಕ್ ಮುಗಿದ ಕೂಡಲೇ ದ್ರಾವಣ ನೀಲಿಯಾಗುತ್ತದೆ. ತೆಳು ಡೈಕ್ರೋಮೇಟ್ ಹನಿಗಳಿಂದ ಆ ನೀಲಿ ಹೋಗಿಸಿದ ಮೇಲೆ ಬ್ಯೂರೆಟ್ ಓದು ಶುರು.