ಎಣ್ಣೆ ಹೊಡೆಯದ ತೊಗರಿಗೆ ಕಡೆಗೂ ಬೆಲೆ ಬಂತು

"ಎಣ್ಣಿ ಹೊಡೀಲಾರ್ದೆ ತೊಗರಿ ಬರ್ತದೇನೋ ತಮ್ಮಾ?" ಅಂತ 2021ರಲ್ಲಿ ಕಾಕಾ ಕೇಳಿದ್ದರು. ಎಣ್ಣೆ ಅಂದರೆ ನಮ್ಮ ಕಡೆ ಕೀಟನಾಶಕ. ಹೋದ ತಿಂಗಳು ಅವರೇ ರೊಕ್ಕ ಕೊಟ್ಟು ನನ್ನ ಹತ್ತಿರ ಹತ್ತು ಕೆಜಿ ಬೇಳೆ ಒಯ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ನನ್ನದು ನಾಲ್ಕು ಎಕರೆ ಎರೆ ಹೊಲ. ಮೊದಲು ಎಕರೆಗೆ ಐದು ಕ್ವಿಂಟಲ್ ಬರುತ್ತಿತ್ತು. ಎಣ್ಣೆ, ರಾಸಾಯನಿಕ ಗೊಬ್ಬರ ಬಿಟ್ಟ ವರ್ಷ ಎರಡಕ್ಕೆ ಇಳಿಯಿತು. ಬೇವಿನ ಬೀಜದ ಕಷಾಯ ಹೂವಿನ ಹೊತ್ತಿಗೇ ಹೊಡೆಯಬೇಕಿತ್ತು. ನಾನು ಕಾಯಿ ಕಟ್ಟಿದ ಮೇಲೆ ಹೊಡೆದೆ. ಅಷ್ಟರಲ್ಲಿ ಹುಳ ಒಳಗೆ ಸೇರಿತ್ತು. ಎರಡನೇ ವರ್ಷ ಗಿಡ ಒಣಗಿಸುವ ನೆಟೆ ರೋಗ, ಎರಡೂವರೆ ಕ್ವಿಂಟಲ್. ಮನೆಯಲ್ಲಿ ಬಂಗಾರ ಅಡವಿಟ್ಟೆವು. ಮೂರನೇ ವರ್ಷ ನೆಟೆ ತಡೆಯುವ ಟಿಎಸ್-3ಆರ್ ತಳಿ ಬಿತ್ತಿದೆ, ಬೀಜಕ್ಕೆ ರೋಗ ತಡೆಯುವ ಟ್ರೈಕೋಡರ್ಮಾ ಎಂಬ ಜೈವಿಕ ಶಿಲೀಂಧ್ರ ಹಚ್ಚಿದೆ, ಗಿಡ ಅಲುಗಾಡಿಸಿ ಹುಳ ಉದುರಿಸಿದೆವು. ನಾಲ್ಕು ಕ್ವಿಂಟಲ್ ದಾಟಿತು.

ಸಾಲಿನ ನಡುವೆ ಅಲ್ಲಲ್ಲಿ ಜೋಳವನ್ನೂ ಹಾಕಿ ನೋಡಿದೆ. ಹಕ್ಕಿ ಕೂತು ಹುಳ ತಿಂದವು. ಆದರೆ ಹೆಸರು ಕಾಳು ಹಾಕಿದ್ದು ಅದಕ್ಕಿಂತ ಜಾಸ್ತಿ ಕೈ ಹಿಡಿಯಿತು. ಶ್ರಾವಣದಲ್ಲೇ ಖರ್ಚಿಗೆ ರೊಕ್ಕ ಬಂತು.

ಇಷ್ಟಾದರೂ ಅಡತಿ ಅಂಗಡಿಯಲ್ಲಿ (ದಲ್ಲಾಳಿ ಹತ್ತಿರ) ನನ್ನ ತೊಗರಿಯನ್ನು ಎಲ್ಲರ ರಾಶಿಗೇ ಸುರಿದರು. ಆಗ ಬೇಳೆ ಮಾಡಲು ಶುರು ಮಾಡಿದೆ. ಮೊದಲ ಸಲ ಮೋಡ ಮುಚ್ಚಿ, ನೆನೆಸಿದ ಎರಡು ಕ್ವಿಂಟಲ್ ತೊಗರಿಗೆ ಬೂಸಲು ಬಂತು. ಈಗ ಕ್ವಿಂಟಲ್‌ಗೆ ಸುಮಾರು 65 ಕೆಜಿ ಬೇಳೆ ಬೀಳುತ್ತದೆ. ಕಾಳಿಗೆ ಅಡುಗೆ ಎಣ್ಣೆ ಸವರಿ ಎಷ್ಟು ಹೊತ್ತು ಮುಚ್ಚಿಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಕೆಜಿಗೆ 180ರಂತೆ ಮಾರಿ, ಖರ್ಚು ಕಳೆದರೆ ಕ್ವಿಂಟಲ್‌ಗೆ ಹತ್ತು ಸಾವಿರ ಉಳಿಯುತ್ತದೆ. 2024-25ರಲ್ಲಿ ಇಡೀ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ಇತ್ತು, ನೀವೇ ಲೆಕ್ಕ ಹಾಕಿ.

ಕಷ್ಟ ಇರುವುದು ಮೊದಲ ಮೂರು ವರ್ಷದಲ್ಲೇ. ಇಳುವರಿ ಬೀಳುತ್ತದೆ, ಪಿಜಿಎಸ್ (ರೈತರ ಗುಂಪೇ ಒಬ್ಬರ ಹೊಲ ಒಬ್ಬರು ಪರಿಶೀಲಿಸಿ ಪಡೆಯುವ) ಸಾವಯವ ಪ್ರಮಾಣಪತ್ರ ಇನ್ನೂ ಕೈಗೆ ಬಂದಿರುವುದಿಲ್ಲ. ಸಾವಯವ ಕೃಷಿಗಿರುವ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ಇದೆ. ಅದರಲ್ಲಿ ರೈತನ ಖಾತೆಗೆ ನೇರವಾಗಿ ಬರುವುದು 15,000. ಅಂದರೆ ಎಕರೆಗೆ ವರ್ಷಕ್ಕೆ ಎರಡು ಸಾವಿರ. ನನಗೆ ಮೊದಲ ವರ್ಷ ಎಕರೆಗೆ ಹದಿನೈದು ಸಾವಿರದ ಮೇಲೆ ಹೊಡೆತ ಬಿದ್ದಿತ್ತು. ಸರ್ಕಾರ ಆ ಹಣವನ್ನು ಹೆಚ್ಚಿಸಿ, ದೊಡ್ಡ ಪಾಲನ್ನು ಮೊದಲ ವರ್ಷವೇ ಕೊಡಬೇಕು. ಖರೀದಿ ಕೇಂದ್ರದಲ್ಲಿ ಸಾವಯವ ತೊಗರಿಗೆ ಬೇರೆ ತೂಕ, ಬೆಂಬಲ ಬೆಲೆಯ ಮೇಲೆ ಒಂದಿಷ್ಟು ಹೆಚ್ಚುವರಿ ಇರಬೇಕು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಆ ಹೆಸರಿನಲ್ಲಿ ನಮ್ಮ ಬೇಳೆ ಪ್ಯಾಕ್ ಮಾಡಿ ಮಾರಲು ಹೋಬಳಿಗೊಂದು ಬೇಳೆ ಯಂತ್ರ ಕೊಟ್ಟರೂ ಸಾಕು, ದಾರಿ ಆಗುತ್ತದೆ.

ನಮ್ಮ ಸಾವಯವ ರೈತರ ಗುಂಪಿನಲ್ಲಿ ಮೊದಲು ಐದು ಮಂದಿ ಇದ್ದೆವು. ಈ ಮುಂಗಾರಿಗೆ ಕಾಕಾನ ಎರಡು ಎಕರೆಯೂ ಸೇರಿದೆ.